ಸ್ಕೌಟ್, ಗೈಡ್ ಮಕ್ಕಳ ಮೊದಲ ಬಯಲು ಶಿಬಿರ: ನಮ್ಮ ಎರಿ (ಕಪ್ಪು ಮಣ್ಣಿನ) ಸೀಮೆಯಲ್ಲಿ ಎಲ್ಲಿಂದ ಶುರು ಮಾಡಬೇಕು?

ಬೀಳಗಿ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯಲ್ಲಿ ಈ ವರ್ಷ ಸ್ಕೌಟ್ ಮತ್ತು ಗೈಡ್ ಎರಡೂ ಘಟಕ ಶುರುವಾಗಿವೆ. 6ರಿಂದ 8ನೇ ತರಗತಿವರೆಗಿನ 28 ಮಕ್ಕಳು, ಅದರಲ್ಲಿ 13 ಹುಡುಗಿಯರು. ಪ್ರತಿಜ್ಞೆ, ಸೆಲ್ಯೂಟ್, ಕವಾಯತು ಆಗಿದೆ. ಹೀಗೇ ಬಿಟ್ಟರೆ ಸ್ಕೌಟ್ ಅಂದರೆ ಆಗಸ್ಟ್ 15ಕ್ಕೆ ಸಾಲಾಗಿ ನಡೆಯುವುದು ಅಂತಲೇ ಮಕ್ಕಳು ತಿಳಿದುಕೊಳ್ಳುತ್ತಾರೆ. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಬಯಲಲ್ಲಿ ಇರಿಸಬೇಕು ಅಂತ ವಿಚಾರ ಇದೆ. ಟೆಂಟ್ ಇಲ್ಲ, ದುಡ್ಡೂ ಅಷ್ಟಕ್ಕಷ್ಟೆ. ಜಾಗ ಹೇಗೆ ಆರಿಸಬೇಕು? ಅದಕ್ಕೂ ಮೊದಲು ಮಕ್ಕಳಿಗೆ ಏನೇನು ಕಲಿಸಿರಬೇಕು? ಅಡಿಗೆ ಮಕ್ಕಳ ಕೈಲೇ ಮಾಡಿಸಬಹುದೇ? ಪಾಲಕರಿಗೆ ಹಾವಿನ ಭಯ, ಅವರಿಗೆ ಏನು ಹೇಳಬೇಕು? ಗೊತ್ತಿದ್ದವರು ವಿವರವಾಗಿ ತಿಳಿಸಿ.

ಎರಿಹೊಲ

ಮೇಡಂ, ಮೊದಲನೇ ಶಿಬಿರಕ್ಕ ದೂರ ಹೋಗಬ್ಯಾಡ್ರಿ. ಶಾಲಿಯಿಂದ ಎರಡ-ಮೂರು ಕಿಲೋಮೀಟರ್ ಒಳಗ ಇರೂ ಹೊಲಾನೇ ಸಾಕು. ದೂರದ ಜಾಗಾಕ್ಕ ಬಸ್ ಮಾಡಿ ಕರ್ಕೊಂಡು ಹೋದ್ರ ಅದು ಪ್ರವಾಸ ಆಗ್ತದ. ನೋಡಿ ಬಂದ ಜಾಗಾ ಮಕ್ಕಳು ಮರೀತಾವ. ತಾವ ಗೂಟ ಬಡದು, ಒಲಿ ಹೂಡಿ, ರಾತ್ರಿ ಮಲಗಿ ಎದ್ದ ಜಾಗಾ ಮರಿಯೂದಿಲ್ಲ. ಅದೂ ದಿನಾ ಸಾಲಿಗೆ ಹೋಗೂ ಹಾದಿ ಮಗ್ಗಲ ಇದ್ರ ಇನ್ನೂ ಚೊಲೊ.

ಜಾಗಾ ಆರಿಸೂವಾಗ ಮೊದಲ ಮಣ್ಣು ನೋಡ್ರಿ. ಎರಿ ಭೂಮಿಯೊಳಗ ಡಿಸೆಂಬರಿಗೆ ಮ್ಯಾಲಿನ ಪದರ ಒಣಗಿ ಬಿರುಕು ಬಿಟ್ಟಿರತದ, ಒಳಗ ಹಸಿ ಇರತದ. ಒಂಬತ್ತು ಇಂಚಿನ ಕಬ್ಬಿಣದ ಗೂಟ ಹೊಡದ್ರ ಒಂದು ಗಾಳಿಗೆ ಕಿತ್ತು ಬರತದ, ಯಾಕಂದ್ರ ಬಿರುಕಿನಿಂದ ಹಿಡಿತಾನೇ ಇರೂದಿಲ್ಲ. ಅಲ್ಲಿ ಜಾಲಿ ಕಟಗಿದು ಒಂದೂವರಿ ಫೂಟಿನ ಗೂಟ ಬೇಕು. ಬಿರುಕು ಇಲ್ಲದ ಕಡೆ, ಮುಕ್ಕಾಲು ಭಾಗ ನೆಲದಾಗ ಹೋಗೂಹಂಗ ಹೊಡೀರಿ. ಗೂಟದ ತಲಿ, ಟೆಂಟಿನ ಬದಲಿ ಹಾಕೂ ತಾಡಪತ್ರಿಯಿಂದ ಹೊರಗಿನ ಕಡೆ ವಾಲಿರಬೇಕು, ಒಳಗಿನ ಕಡೆ ಅಲ್ಲ. ಮಕ್ಕಳು ಹತ್ತಕ್ಕ ಎಂಟು ಸಲ ಇದನ್ನ ಉಲ್ಟಾ ಹೊಡೀತಾವ, ಹಗ್ಗ ಜಾರಿ ಬರತದ.

ಮಸಾರಿ (ಕೆಂಪು ಮಣ್ಣು) ಇಲ್ಲಾ ಗರಸು (ಹರಳಿನ) ನೆಲ ಸಿಕ್ರ ಅದನ್ನೇ ಹಿಡೀರಿ. ನೀರು ನಿಲ್ಲೂದಿಲ್ಲ, ಗೂಟ ಹಿಡೀತದ, ಮಲಗಿದವರಿಗೆ ತೇವ ಏರೂದಿಲ್ಲ. ಎರಿ ಮ್ಯಾಲ ಅಕಾಲಿಕ ಮಳಿ ಅರ್ಧ ತಾಸು ಬಿದ್ರೂ ಮುಗೀತು. ಒಂದೊಂದು ಬೂಟಿಗೆ ಸೇರಗಟ್ಟಲೆ ಮಣ್ಣು ಹತ್ತಿ ಮಕ್ಕಳು ಎತ್ತಿ ಇಡಲಾರರು, ಟ್ರ್ಯಾಕ್ಟರೂ ಒಳಗ ಬರೂದಿಲ್ಲ. ಅದಕ್ಕ ಗರಸಿನ ಹಾದಿಯಿಂದ ನೂರು ಹೆಜ್ಜಿ ಒಳಗ ಇರೂ ಜಾಗಾ ಬೇಕು.

ಹಳ್ಳದ ದಂಡಿ, ಕಣಿಕಿ ಬಣವಿ ಮಗ್ಗಲ, ಕಟ್ಟಿ ಇಲ್ಲದ ಬಾವಿ ಹತ್ರ, ಜೇನು ಕಟ್ಟಿದ ಮರದ ಬುಡಕ ಬ್ಯಾಡೇ ಬ್ಯಾಡ. ತಾಡಪತ್ರಿ ಹಾಕೂ ಹಗ್ಗ ಕಟ್ಟಲಿಕ್ಕ ಬೇವು ಎರಡು ಇರಬೇಕು, ನಡುವ 20 ಫೂಟು ಅಂತರ ಇದ್ರ ಭೇಷ್. ಮ್ಯಾಲ ಒಣಗಿದ ಟೊಂಗಿ ಏನರ ತೂಗಾಡ್ತದೇನು ನೋಡಿ ಹಗ್ಗ ಕಟ್ಟಿಸ್ರಿ.

ಬಾದಾಮಿ ಬಂಡೆ

ಎರಿಹೊಲ ಅಣ್ಣಾರ ಮಣ್ಣಿನ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಮಕ್ಕಳಿಗೆ ಒಮ್ಮೆಯಾದರೂ ಬೆರಗು ಹುಟ್ಟಿಸುವ ಜಾಗ ತೋರಿಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಬೀಳಗಿಯಿಂದ ಬಾದಾಮಿ ದೂರವೇನಲ್ಲ. ಊರಿಂದ ಕುರುಚಲು ಕಾಡಿನ ಕಾಲುದಾರಿಯಲ್ಲಿ ಸಿಡಿಲಫಡಿವರೆಗೆ ನಡೆಸಿದರೆ ಮರಳುಗಲ್ಲಿನ ಸಹಜ ಕಮಾನು, ಅದರಡಿ ಇತಿಹಾಸಪೂರ್ವ ಕಾಲದ ಚಿತ್ರಗಳು ಸಿಗುತ್ತವೆ. ಹಾದಿ ಬಲ್ಲ ಸ್ಥಳೀಯರು ಜೊತೆಗಿರಲಿ, ಬೆಳಿಗ್ಗೆ 7ಕ್ಕೆ ಹೊರಟು 11ರೊಳಗೆ ವಾಪಸಾಗಬೇಕು. ಬಂಡೆ ಕಾದ ಮೇಲೆ ಹಾದಿಯಲ್ಲಿ ನೆರಳಿಲ್ಲ.

ಅಲ್ಲಿ ಮಕ್ಕಳಿಗೆ ಹೇಳಬೇಕಾದ್ದು ಮೂರೇ ಮಾತು. ಚಿತ್ರ ಮುಟ್ಟಬಾರದು, ಫೋಟೊದಲ್ಲಿ ಚೆನ್ನಾಗಿ ಬರಲಿ ಅಂತ ನೀರು ಚಿಮುಕಿಸಬಾರದು, ಕಮಾನಿನಡಿ ಬೆಂಕಿ ಹಾಕಬಾರದು. ಹೊಗೆಯ ಮಸಿ ಕಲ್ಲಿಗೆ ಕೂತರೆ ತೆಗೆಯಲು ಬರುವುದಿಲ್ಲ.

ಬಾದಾಮಿಯ ಕೆಂಪು ಗೋಡೆಗಳನ್ನು ಹತ್ತುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ತರಬೇತಾದ ಶಿಕ್ಷಕರು, ಹೆಲ್ಮೆಟ್, ಮೇಲಿನಿಂದ ಕಟ್ಟಿದ ಹಗ್ಗ ಇಲ್ಲದೆ ಆಳೆತ್ತರದ ಬಂಡೆಗೂ ಬಿಡಬೇಡಿ. ಮರಳುಗಲ್ಲು ಮಳೆಯಲ್ಲಿ ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಮೇಲೆ ಒಣಗಿದಂತೆ ಕಂಡರೂ ಹಿಡಿದ ಚಕ್ಕೆ ಕೈಗೇ ಬರುತ್ತದೆ. ಮಂಗಗಳ ಬಗ್ಗೆಯೂ ಎಚ್ಚರ: ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಅದರಲ್ಲಿ ತಿಂಡಿ ಇದೆ ಅಂತಲೇ ಅವಕ್ಕೆ ಲೆಕ್ಕ. ಊಟ ಹ್ಯಾವರ್‌ಸ್ಯಾಕ್ ಒಳಗೇ ಇರಲಿ, ಹಾದಿಯಲ್ಲಿ ತೆಗೆಯುವುದು ಬೇಡ.

ಎರಿಹೊಲ

ಬಾದಾಮಿಗೆ ಹೋಗ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಅದು ನಾಲ್ಕನೇದು ಇಲ್ಲಾ ಐದನೇದು ಆಗ್ಲಿ. ಬೂಟಿನ ಲೇಸ್ ಕಟ್ಟಲಿಕ್ಕೆ, ನೀರು ಉಳಿಸಿ ಕುಡೀಲಿಕ್ಕೆ, ಸಾಲು ಬಿಡದ ನಡೀಲಿಕ್ಕೆ ಬರದ ಹುಡುಗರನ್ನ ಬಂಡಿಗಲ್ಲಿಗೆ ಒಯ್ದ್ರ ಅವರ ಕಾಳಜಿ ಮಾಡೂದ್ರಾಗನ ಮೇಡಮ್ಮರ ದಿನಾ ಮುಗೀತದ. ಬೆರಗು ಬಾದಾಮಿಯೊಳಗಷ್ಟ ಇಲ್ಲ. ಬೀಳಗಿ, ಮುಧೋಳ ತಾಲೂಕಿನ ಯಡಹಳ್ಳಿ ಗುಡ್ಡದಾಗ ಚಿಂಕಾರ (ಸಣ್ಣ ಜಾತಿ ಹುಲ್ಲೆ) ಅದಾವ. 2016ರಾಗ ಅಭಯಾರಣ್ಯ ಆಗೇತಿ. ತಮ್ಮ ತಾಲೂಕಿನಾಗ ಹಿಂಥಾ ಪ್ರಾಣಿ ಐತಿ ಅಂತ ಎಷ್ಟ ಮಕ್ಕಳಿಗೆ ಗೊತ್ತೈತಿ? ಒಳಗ ಹೋಗೂದಿದ್ರ ಅರಣ್ಯ ಇಲಾಖೆ ಒಪ್ಪಿಗಿ ಬೇಕು, ರಾತ್ರಿ ಇರೂದು ಅಂತೂ ಅಲ್ಲಿ ಬ್ಯಾಡ.

ಖಾನಾಪುರ ಕಾಡು

ಮೇಡಂ, ಶಿಬಿರಕ್ಕಿಂತ ಮೊದಲು ಪೆಟ್ರೋಲ್ ಪದ್ಧತಿ, ಅಂದರೆ ಮಕ್ಕಳನ್ನು ಸಣ್ಣ ತಂಡಗಳಾಗಿ ಮಾಡುವ ಏರ್ಪಾಟು, ಗಟ್ಟಿ ಮಾಡಿ. ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪಾವೆಲ್ 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಯೋಗ ಶಿಬಿರ ನಡೆಸಿದಾಗ ಸಿರಿವಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಬೆರೆಸಿ ನಾಲ್ಕು ಪೆಟ್ರೋಲ್ ಮಾಡಿದ್ದರು. ಹುಡುಗರ ಮೇಲೆ ಹುಡುಗನೇ ನಾಯಕ. ಇಡೀ ಚಳವಳಿ ನಿಂತಿರುವುದು ಈ ಒಂದು ಏರ್ಪಾಟಿನ ಮೇಲೆ. ನಮ್ಮಲ್ಲಿ ಬಹಳ ಕಡೆ ಪೆಟ್ರೋಲ್ ಅನ್ನುವುದು ಹಾಜರಿ ಪುಸ್ತಕದಲ್ಲಷ್ಟೇ ಇರುತ್ತದೆ, ಕೆಲಸವೆಲ್ಲ ಮಾಸ್ತರರೇ ಹೇಳಿ ಮಾಡಿಸುತ್ತಾರೆ.

ನಿಮ್ಮಲ್ಲಿ 15 ಹುಡುಗರಿಗೆ 7 ಮತ್ತು 8ರ ಎರಡು ಪೆಟ್ರೋಲ್, 13 ಹುಡುಗಿಯರಿಗೆ 6 ಮತ್ತು 7ರ ಎರಡು. ಒಂದೊಂದರಲ್ಲಿ ಮೂರೂ ತರಗತಿಯ ಮಕ್ಕಳು ಇರಲಿ. ಒಂದೇ ತರಗತಿಯವರನ್ನು ಕೂಡಿಸಿದರೆ ಕಲಿಸುವವರೇ ಇರುವುದಿಲ್ಲ. ಪೆಟ್ರೋಲ್ ಹೆಸರಿಗೆ ಹುಲಿ, ಸಿಂಹ ಬೇಡ, ಊರ ಸುತ್ತ ನಿಜವಾಗಿ ಕಾಣುವ ಹಕ್ಕಿಗಳನ್ನೇ ಇಡಿ: ಟಿಟ್ಟಿಭ, ಗೌಜಲಹಕ್ಕಿ, ನವಿಲು, ಕಾಜಾಣ. ಪ್ರತಿ ಪೆಟ್ರೋಲ್ ತನ್ನ ಹಕ್ಕಿಯ ಕೂಗನ್ನೇ ತನ್ನ ಕರೆಯಾಗಿ ಕಲಿಯಬೇಕು. ಕೂಗು ಕಲಿಯಬೇಕಾದರೆ ಹಕ್ಕಿಯನ್ನು ಹುಡುಕಿಕೊಂಡು ಹೋಗಬೇಕು. ಗೌಜಲ ಹೆಚ್ಚಾಗಿ ಬೆಳಗಿನ ಜಾವ ಕೂಗುತ್ತದೆ, ಬೇಗ ಏಳಬೇಕಾಗುತ್ತದೆ. ಟಿಟ್ಟಿಭ ಬರಿ ನೆಲದ ಮೇಲೆ, ಹರಳುಗಳ ನಡುವೆ ಮೊಟ್ಟೆ ಇಡುತ್ತದೆ. ಆ ಪೆಟ್ರೋಲಿನ ಮಕ್ಕಳು ಆಮೇಲೆ ಬೇಸಿಗೆಯಲ್ಲಿ ಗರಸು ನೆಲದ ಮೇಲೆ ಕಾಲಿಡುವಾಗ ತಾವಾಗಿಯೇ ನೋಡಿ ಇಡುತ್ತಾರೆ.

ಶಿಬಿರಕ್ಕೂ ಮೊದಲು ಮೂರು ಅರ್ಧ ದಿನದ ಹೈಕ್ ಆಗಲಿ. ಮೊದಲನೆಯದು ನಾಲ್ಕು ಕಿಲೋಮೀಟರ್, ಮೂರನೆಯದು ಎಂಟು. ಈ ವಯಸ್ಸಿಗೆ ತಾಸಿಗೆ ಮೂರು ಕಿಲೋಮೀಟರ್ ಅಂತ ಲೆಕ್ಕ ಇಡಿ, 45 ನಿಮಿಷಕ್ಕೊಮ್ಮೆ ಹತ್ತು ನಿಮಿಷ ಕೂರಿಸಿ. ನಿಧಾನ ನಡೆಯುವ ಮಗು ಸಾಲಿನಲ್ಲಿ ಎರಡನೆಯದಾಗಿರಲಿ. ಹಿಂದೆ ಬಿಟ್ಟರೆ ಅದು ಬರುವಷ್ಟರಲ್ಲಿ ಉಳಿದವರ ವಿಶ್ರಾಂತಿ ಮುಗಿದು ಎದ್ದು ಹೊರಟಿರುತ್ತಾರೆ, ಆ ಮಗುವಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಎರಡು ಸಲ ಹೀಗಾದರೆ ಅದಕ್ಕೆ ನಡಿಗೆಯೇ ಬೇಸರವಾಗುತ್ತದೆ.

ನಮ್ಮ ಖಾನಾಪುರದ ಕಡೆ ಬರುವ ಯೋಚನೆ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್ ಬಿಡಿ. ಜಾಂಬೋಟಿ, ಭೀಮಗಡ ಭಾಗದಲ್ಲಿ ಮಳೆಯೂ ಜಿಗಣೆಯೂ ಮೊದಲ ಸಲದ ಮಕ್ಕಳಿಗೆ ಆಗಿಬರುವುದಿಲ್ಲ. ಭೀಮಗಡದ ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನಲ್ಲೇ ಅತಿ ವಿರಳವಾದ ರಾಟನ್ ಬಾವಲಿ ಇದೆ. ಟಾರ್ಚ್ ಹಿಡಿದ ಮಕ್ಕಳ ಗುಂಪು ಅಲ್ಲಿಗೆ ಹೋಗಕೂಡದು. ದೂರದಿಂದ ಅದರ ಬಗ್ಗೆ ಹೇಳಿದರೆ ಸಾಕು.

ಹಗ್ಗ ಕಣ್ಣಿ ಮಿಣಿ

ಗಂಟಿನ ವಿಷಯಕ್ಕೆ ಬರುತ್ತೇನೆ. ಸ್ಕೌಟ್‌ನ ಮೊದಲ ಹಂತವಾದ ಪ್ರಥಮ ಸೋಪಾನಕ್ಕೆ ಪಟ್ಟಿ ಉದ್ದವಾಗಿದೆ. ಆದರೆ ಒಂದು ರಾತ್ರಿ ಶಿಬಿರಕ್ಕೆ ಬೇಕಾದ್ದು ನಾಲ್ಕೇ: ರೀಫ್, ಕ್ಲೋವ್ ಹಿಚ್, ಬೋಲೈನ್, ರೌಂಡ್ ಟರ್ನ್ ಮತ್ತು ಎರಡು ಹಾಫ್ ಹಿಚ್. ಅಭ್ಯಾಸಕ್ಕೆ ಮಗುವಿಗೊಂದರಂತೆ ಎರಡು ಮೀಟರ್ ನೂಲಿನ ಹಗ್ಗ, ದಪ್ಪ 8 ಮಿಲಿಮೀಟರ್. ಅಂಗಡಿಯ ಹಳದಿ ಪ್ಲಾಸ್ಟಿಕ್ ಹಗ್ಗ ಅಗ್ಗ, ಆದರೆ ನುಣುಪು. ಸರಿಯಾಗಿ ಹಾಕಿದ ಗಂಟೂ ಬಿಚ್ಚಿಕೊಳ್ಳುತ್ತದೆ, ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ.

ರೀಫ್ ಗಂಟು: ಬಲದ ತುದಿ ಎಡದ ಮೇಲೆ, ಆಮೇಲೆ ಎಡದ ತುದಿ ಬಲದ ಮೇಲೆ. ಮುಗಿದ ಮೇಲೆ ಗಂಟು ಚಪ್ಪಟೆಯಾಗಿ ಮಲಗಿರಬೇಕು, ತುದಿಗಳು ತಮ್ಮ ತಮ್ಮ ಹಗ್ಗದ ಪಕ್ಕದಲ್ಲೇ ಹೊರಬರಬೇಕು. ತುದಿ ಅಡ್ಡಡ್ಡ ಎದ್ದು ನಿಂತಿದ್ದರೆ ಅದು ಗ್ರ್ಯಾನಿ, ಜಾರುತ್ತದೆ. ಬ್ಯಾಂಡೇಜ್, ಪೊಟ್ಟಣ ಕಟ್ಟಲು ಮಾತ್ರ ರೀಫ್. ಭಾರ ಹೊರುವ ಎರಡು ಹಗ್ಗ ಜೋಡಿಸಲು ಎಂದೂ ಬೇಡ.

ಕ್ಲೋವ್ ಹಿಚ್ ಮರದ ಗಳಕ್ಕೆ ಕಚ್ಚುತ್ತದೆ, ಕಬ್ಬಿಣದ ಪೈಪಿಗೆ ಜಾರುತ್ತದೆ. ಪೈಪಾದರೆ ಕೊನೆಗೊಂದು ಹಾಫ್ ಹಿಚ್ ಸೇರಿಸಿ.

ಇನ್ನು ಬಿಗಿತ, ಅಂದರೆ ಸ್ಕ್ವೇರ್ ಲ್ಯಾಶಿಂಗ್. ತಟ್ಟೆ ಇಡುವ ಸ್ಟ್ಯಾಂಡ್, ಬೂಟಿನ ಸ್ಟ್ಯಾಂಡ್ ಎಲ್ಲಕ್ಕೂ ಇದೇ. ಎರಡು ಇಂಚು ದಪ್ಪದ ಬಿದಿರಿಗೆ ಮೂರು ಮೀಟರ್ ಹಗ್ಗ ಬೇಕು. ನೆಟ್ಟ ಗಳಕ್ಕೆ, ಅಡ್ಡ ಗಳದ ಸ್ವಲ್ಪ ಕೆಳಗೆ, ಕ್ಲೋವ್ ಹಿಚ್ ಹಾಕಿ. ಅಲ್ಲಿಂದ ಹಗ್ಗ ಅಡ್ಡ ಗಳದ ಮುಂದೆ ಮೇಲಕ್ಕೆ, ನೆಟ್ಟ ಗಳದ ಹಿಂದೆ, ಮತ್ತೆ ಅಡ್ಡ ಗಳದ ಮುಂದೆ ಕೆಳಕ್ಕೆ, ನೆಟ್ಟ ಗಳದ ಹಿಂದೆ. ಇದು ಒಂದು ಸುತ್ತು. ಇಂಥ ಮೂರು ಸುತ್ತು. ಆಮೇಲೆ ಎರಡೂ ಗಳದ ನಡುವೆ ಹಗ್ಗವನ್ನೇ ಹಿಸುಕುವಂತೆ ಎರಡು ಅಡ್ಡ ಸುತ್ತು, ಕೊನೆಗೆ ಅಡ್ಡ ಗಳಕ್ಕೆ ಕ್ಲೋವ್ ಹಿಚ್. ಸಡಿಲಾಗುವುದು ಯಾವಾಗಲೂ ಒಂದೇ ಕಾರಣಕ್ಕೆ: ಮೂರೂ ಸುತ್ತು ಹಾಕಿ ಕೊನೆಗೊಮ್ಮೆ ಎಳೆಯುತ್ತಾರೆ. ಒಂದೊಂದು ಸುತ್ತಿಗೂ ಮೈಭಾರ ಹಾಕಿ ಎಳೆಯಬೇಕು. ಅಡ್ಡ ಗಳ ಹಿಡಿದು ಅಲುಗಿಸಿದರೆ ಕಿರ್ ಅನ್ನಬಾರದು.

ಇನ್ನೊಂದು ಮಾತು. ನಿಮ್ಮ ಮಕ್ಕಳಲ್ಲಿ ಒಕ್ಕಲುತನದ ಮನೆಯವರು ಬಹಳ ಇರುತ್ತಾರೆ. ಎತ್ತಿನ ಕಣ್ಣಿ ಗೂಟಕ್ಕೆ ಕಟ್ಟುವುದು, ಮೇವಿನ ಹೊರೆ ಬಿಗಿಯುವುದು, ಚಕ್ಕಡಿಯ ಹೇರಿಗೆ ಮಿಣಿ ಎಳೆಯುವುದು ಅವರಿಗೆ ಬರುತ್ತದೆ. ಮೊದಲ ತರಗತಿ ಆ ಮಕ್ಕಳೇ ತೆಗೆದುಕೊಳ್ಳಲಿ, ಸ್ಕೌಟ್ ಹೆಸರು ಆಮೇಲೆ ಹೇಳಿಕೊಡಿ. ಪಾಠದಲ್ಲಿ ಹಿಂದಿರುವ ಹುಡುಗ ಅಲ್ಲಿ ಮಾಸ್ತರನಾಗಿ ನಿಲ್ಲುತ್ತಾನೆ. ಅದರ ಬೆಲೆ ನಿಮಗೆ ಗೊತ್ತೇ ಇದೆ.

ಬೀಳಗಿ ಟೀಚರ್

ತುಂಬಾ ಉಪಕಾರವಾಯಿತು. ಟೆಂಟ್ ಬದಲು ತಾಡಪತ್ರಿ ಸಾಕಾಗುತ್ತದೆಯೇ? ಎಷ್ಟು ದೊಡ್ಡದು ಬೇಕು? ಬಾಡಿಗೆ ಟೆಂಟ್ ಸಿಗುತ್ತದೆ ಅಂತ ಸಹೋದ್ಯೋಗಿಗಳು ಹೇಳುತ್ತಿದ್ದಾರೆ.

ಎರಿಹೊಲ

ಬಾಡಿಗಿ ಟೆಂಟ್ ಬ್ಯಾಡ್ರಿ. ಅದು ಕೊಡಿ ಬಿಚ್ಚಿದಂಗ ತಾನ ನಿಲ್ಲತದ, ಮಕ್ಕಳು ಕಲಿಯೂದೇನೂ ಇಲ್ಲ. ಒಂದು ಪೆಟ್ರೋಲಿಗೆ 12×15 ಫೂಟಿನ ತಾಡಪತ್ರಿ ಒಂದು ಸಾಕು, ಯಾರರ ಮನ್ಯಾಗ ಇದ್ದೇ ಇರತದ. ರಾಶಿ ಮುಚ್ಚಿದ್ದಿದ್ರ ಮೊದಲ ಝಾಡಿಸಿ ಬಿಸಿಲಿಗೆ ಒಣಗಿಸ್ರಿ, ಇಲಿ ಕಡದ ತೂತು ಐತೇನು ನೋಡ್ರಿ.

ಎರಡು ಬೇವಿನ ನಡುವ ನೆಲದಿಂದ ನಾಲ್ಕು ಫೂಟಿಗೆ ಹಗ್ಗ ಬಿಗೀರಿ. 15 ಫೂಟಿನ ಉದ್ದ ಹಗ್ಗದ ಗುಂಟ ಬರೂಹಂಗ ಹಾಕಿದ್ರ ಎರಡೂ ಕಡೆ ಆರಾರು ಫೂಟು ಇಳೀತದ, ಒಳಗ ನೆಲದ ಅಗಲ ಸುಮಾರು ಒಂಬತ್ತು ಫೂಟು ಸಿಗತದ. ಮಕ್ಕಳು ಅಗಲಕ್ಕ ಅಡ್ಡ ಮಲಗಬೇಕು. ಒಬ್ಬರಿಗೆ ಎರಡು ಫೂಟಿನಂಗ ಏಳು ಮಂದಿ ಸರಳ, ಎಂಟು ಮಂದಿ ಒತ್ತಿ. ಕಾಲ ಕೆಳಗ ಚೀಲ. ಹಗ್ಗ ಐದು ಫೂಟಿಗೆ ಏರಿಸಿದ್ರ ಓಡಾಡಲಿಕ್ಕ ಹಗುರ ಅನಸ್ತದ, ಆದ್ರ ನೆಲ ಆರೂವರಿ ಫೂಟಿಗೆ ಇಳೀತದ, ಗಾಳಿನೂ ಹೆಚ್ಚು ಹೊಡೀತದ.

ಡಿಸೆಂಬರಿನಾಗ ಮೂಡಗಾಳಿ ಇರತದ. ತಾಡಪತ್ರಿ ಬೆನ್ನು ಮೂಡಲಕ್ಕ ಬರಲಿ, ಅಂದ್ರ ಹಗ್ಗ ತೆಂಕಣ-ಬಡಗಣ.

ಹಾಸಿಗಿ ಬಗ್ಗೆ ಒಂದು ಮಾತು. ಚಳಿ ಮ್ಯಾಲಿಂದಕ್ಕಿಂತ ನೆಲದಿಂದ ಹೆಚ್ಚು ಬರತದ. ಮನ್ಯಾಗಿನ ಕೌದಿ ಎರಡಿದ್ರ ದಪ್ಪಂದು ಕೆಳಗ ಹಾಸಬೇಕು, ತೆಳ್ಳಂದು ಹೊಚಗೋಬೇಕು. ಎಲ್ಲಾ ಮಕ್ಕಳೂ ಉಲ್ಟಾ ಮಾಡಿ ಬೆಳತನಾ ನಡಗ್ತಾವ. ಕೌದಿ ಕೆಳಗ ಒಂದು ಪ್ಲಾಸ್ಟಿಕ್ ಹಾಳಿ ಹಾಸ್ರಿ. ಆದ್ರ ಅದರ ಕೆಳಗ ಒಣ ಜ್ವಾಳದ ಕಣಿಕಿ ಹಾಸೂದು ಬ್ಯಾಡ, ಅದರಾಗ ಚೇಳು ಕೂಡತಾವ.

ಒಲೆಮುಂದೆ

ಗೈಡ್ ಘಟಕ ನಡೆಸುವ ಕಡೆಯಿಂದ ಎರಡು ಮಾತು ಟೀಚರಕ್ಕಾರಿಗೆ. ಹುಡುಗಿಯರಿದ್ದ ಮೇಲೆ ರಾತ್ರಿ ಪೂರ್ತಿ ಇರುವ ಮಹಿಳೆಯರು ಇಬ್ಬರಾದರೂ ಬೇಕು. ಹುಡುಗಿಯರ ಪೆಟ್ರೋಲ್ ಶೌಚಕ್ಕೆ ಸಮೀಪದ ಕಡೆ ಇರಲಿ. ತೋಟದ ಮನೆಯೋ ಅಂಗನವಾಡಿಯೋ ಹತ್ತಿರ ಇದ್ದು ಅಲ್ಲಿನ ಶೌಚಾಲಯ ಸಿಕ್ಕರೆ ಅರ್ಧ ಚಿಂತೆ ಕಡಿಮೆ. ಇಲ್ಲವಾದರೆ ಅಡಿಗೆ ಮತ್ತು ನೀರಿನ ಜಾಗದಿಂದ 50 ಮೀಟರ್ ದೂರ, ಇಳಿಜಾರಿನ ಕೆಳಗೆ, ಗಾಳಿಗೆ ಎದುರಲ್ಲದ ಕಡೆ ಎರಡು ಅಡಿ ಆಳದ ಗುಂಡಿ, ಸುತ್ತ ಸೀರೆಯ ಮರೆ, ಪಕ್ಕದಲ್ಲಿ ಮಣ್ಣಿನ ಗುಡ್ಡೆ ಮತ್ತು ಸಲಿಕೆ. ಸ್ಯಾನಿಟರಿ ಪ್ಯಾಡ್, ಕಾಗದದ ಚೀಲ, ಮುಚ್ಚಳದ ಡಬ್ಬಿ ಯಾರೂ ಕೇಳದಿದ್ದರೂ ಇಟ್ಟಿರಬೇಕು.

ಅಡಿಗೆ ಖಂಡಿತ ಮಕ್ಕಳೇ ಮಾಡಲಿ, ಆದರೆ ರೊಟ್ಟಿ ಬಡಿಸಲು ಹೋಗಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮನೆಯಿಂದಲೇ ಬರಲಿ. ಬೆಳಿಗ್ಗೆಗೆ ಚುರಮುರಿ ಸೂಸಲಾ. ರಾತ್ರಿ ಕಿಚಡಿಯೊಂದನ್ನೇ ಮಾಡಿಸಿ. ಎಂಟು ಮಕ್ಕಳ ಪೆಟ್ರೋಲಿಗೆ ಅಕ್ಕಿ 800 ಗ್ರಾಂ, ಹೆಸರುಬೇಳೆ 300 ಗ್ರಾಂ, ನೀರು ನಾಲ್ಕೂವರೆ ಲೀಟರ್, ಎಣ್ಣೆ 100 ಮಿಲಿಲೀಟರ್, ಉಪ್ಪು 40 ಗ್ರಾಂ, ಅರಿಶಿನ ಒಂದು ಚಮಚ, ಬಟಾಟೆ, ಉಳ್ಳಾಗಡ್ಡಿ, ಟೊಮೆಟೊ ಇದ್ದಷ್ಟು. ಪಾತ್ರೆ ಎಂಟು ಲೀಟರಿನದು, ಅದಕ್ಕಿಂತ ಚಿಕ್ಕದಾದರೆ ಉಕ್ಕಿ ಬೆಂಕಿಗೆ ಬೀಳುತ್ತದೆ. ಉಪ್ಪನ್ನು ತೂಗಿ ಪೊಟ್ಟಣ ಕಟ್ಟಿ ಕೊಡಿ. ಮೂರು ಮಕ್ಕಳು ಮೂರು ಸಲ ಹಾಕುವುದು ತಪ್ಪುತ್ತದೆ.

ಒಲೆ ಮೂರು ಕಲ್ಲಿನದೇ ಸಾಕು. ಹೊಳೆಯ ದಂಡೆಯಿಂದ ನೆನೆದ ಕಲ್ಲು ತರಬಾರದು, ಒಳಗಿನ ನೀರು ಕಾದು ಕಲ್ಲು ಸಿಡಿಯುತ್ತದೆ. ಒಲೆಯ ಬಾಯಿ ಗಾಳಿ ಬರುವ ಕಡೆ. ಸುತ್ತ ಆರು ಅಡಿ ಕಸಕಡ್ಡಿ ಹೆರೆದು ಬರಿ ನೆಲ ಮಾಡಬೇಕು, ಎರಡು ಕೊಡ ನೀರು ಒಲೆಯ ಪಕ್ಕದಲ್ಲೇ ಇರಬೇಕು.

ಕಟ್ಟಿಗೆ ಮೂರು ಬಗೆ ಬೇಕು. ಹತ್ತಿಸಲು ತೊಗರಿ ಕಟ್ಟಿಗೆ ಇಲ್ಲವೇ ಹತ್ತಿ ಕಟ್ಟಿಗೆ: ಬೇಗ ಹತ್ತುತ್ತದೆ, ಬೇಗ ಉರಿದು ಹೋಗುತ್ತದೆ. ಕುದಿಸಲು ಒಣ ಜಾಲಿ. ಕೊನೆಗೆ ಸಣ್ಣ ಕಾವಿಗೆ ಕುಳ್ಳು. ಮೊದಲ ಸಲದ ಕಿಚಡಿ ತಳ ಹೊತ್ತಿ ಮೇಲೆ ಹಸಿ ಉಳಿಯುವುದು, ನೀರು ಇಂಗಿದ ಮೇಲೂ ಜಾಲಿಯ ಉರಿ ಇಡುವುದರಿಂದ. ಅಕ್ಕಿ ಮೇಲೆ ಗುಳಿಗಳು ಕಾಣತೊಡಗಿದ ಕೂಡಲೆ ಉರಿಯುವ ಕೊಳ್ಳಿ ಎಳೆದು, ಕೆಂಡ ಮತ್ತು ಕುಳ್ಳಿನ ಕಾವಿನಲ್ಲಿ ಹದಿನೈದು ನಿಮಿಷ ಮುಚ್ಚಿಡಬೇಕು. ಕಣಗಿಲದ ಕಡ್ಡಿ ಒಲೆಗೂ ಬೇಡ, ತಿರುವಲು ಸಹ ಬೇಡ, ಅದು ವಿಷ. ಎಕ್ಕೆಯ ಹಾಲು ಕಣ್ಣಿಗೆ ತಾಗಿದರೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ, ಹಸಿ ಎಕ್ಕೆ ಮುರಿಯಲು ಬಿಡಬೇಡಿ.

ಪಾತ್ರೆಯ ಹೊರಗೆ, ಒಲೆಗೆ ಏರಿಸುವ ಮುನ್ನ, ಬೂದಿ ಬೆರೆಸಿದ ಮಣ್ಣು ತೆಳ್ಳಗೆ ಸವರಿಸಿ. ಮಸಿಯೆಲ್ಲ ಮಣ್ಣಿನ ಜೊತೆ ಬಿಟ್ಟು ಬರುತ್ತದೆ, ತೊಳೆಯುವ ಪಾಳಿಯ ಮಕ್ಕಳ ಜಗಳ ತಪ್ಪುತ್ತದೆ.

ನೀರು: ಕುಡಿಯಲು ಒಬ್ಬರಿಗೆ ಮೂರು ಲೀಟರ್. ನೀವು 32 ಜನ ಅಂತ ಹಿಡಿದರೆ 20 ಲೀಟರಿನ ಐದು ಕ್ಯಾನ್. ಅಡಿಗೆ, ತೊಳೆಯಲು ಬೇರೆ 150 ಲೀಟರಿನ ಡ್ರಮ್ಮು.

ಬಾದಾಮಿ ಬಂಡೆ

ಒಲೆಮುಂದೆ ಅಕ್ಕಾರು ಹೇಳದೆ ಬಿಟ್ಟಿದ್ದು: ಜಾಲಿ ಕಟ್ಟಿಗೆಯ ಮುಳ್ಳು ಮೊದಲೇ ಸವರಿಸಿ ತರಬೇಕು. ಶಿಬಿರದಲ್ಲಿ ಔಷಧದ ಪೆಟ್ಟಿಗೆ ಅತಿ ಹೆಚ್ಚು ತೆರೆಯುವುದು ಮುಳ್ಳಿಗೇ. ಚಿಮಟ, ಸೂಜಿ, ಸ್ಪಿರಿಟ್ ಮೇಲೆಯೇ ಇರಲಿ.

ಮಲಪ್ರಭಾ ನರ್ಸ್

ಪಾಲಕರ ಹಾವಿನ ಭಯ ತಪ್ಪಲ್ಲ. ಧೈರ್ಯ ಹೇಳುವ ಬದಲು ಏನೇನು ಏರ್ಪಾಟು ಮಾಡಿದ್ದೀರಿ ಅಂತ ತೋರಿಸಿ, ಒಪ್ಪುತ್ತಾರೆ.

ನಮ್ಮ ಭಾಗದಲ್ಲಿ ನಾಗರ, ಕೊಳಕುಮಂಡಲ, ಉರಿಮಂಡಲ, ಕಟ್ಟುಹಾವು ನಾಲ್ಕೂ ಇವೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವಿನದೇ ಹೆಚ್ಚು ಅಪಾಯ. ಕಚ್ಚಿದ್ದು ನೋವಾಗದೆ ಹೋಗಬಹುದು, ಬೆಳಗಿನ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಜೋಲುವುದು ಕಾಣುತ್ತದೆ. ಅದಕ್ಕೆ ಉತ್ತರ ಸೊಳ್ಳೆಪರದೆ. ಪರದೆಯ ಅಂಚನ್ನು ಸುತ್ತಲೂ ಕೌದಿಯ ಅಡಿಗೆ ಸೇರಿಸಬೇಕು, ತೂಗಿಬಿಟ್ಟರೆ ಪ್ರಯೋಜನವಿಲ್ಲ. ಊಟದ ಅಗುಳು ಮಲಗುವ ಕಡೆ ಬೀಳಬಾರದು: ಅಗುಳಿಗೆ ಇಲಿ, ಇಲಿಗೆ ಹಾವು. ರಾತ್ರಿ ಟಾರ್ಚ್ ಇಲ್ಲದೆ, ಬೂಟಿಲ್ಲದೆ ಒಂದು ಹೆಜ್ಜೆಯೂ ಇಲ್ಲ. ಬೆಳಿಗ್ಗೆ ಬೂಟು ಬೋರಲು ಹಾಕಿ ಕುಟ್ಟಿಯೇ ಕಾಲಿಡಬೇಕು.

ಕಚ್ಚಿದರೆ: ಮಗುವನ್ನು ಮಲಗಿಸಿ, ನಡೆಸಬೇಡಿ. ಉಂಗುರ, ಬಳೆ, ಗಡಿಯಾರ, ಕಾಲ್ಗೆಜ್ಜೆ ತೆಗೆಯಿರಿ. ಸ್ಕೌಟ್ ಸ್ಕಾರ್ಫ್ ಎರಡು ಮತ್ತು ಒಂದು ಕೋಲಿನಿಂದ ಆ ಕೈ ಅಥವಾ ಕಾಲು ಅಲುಗದಂತೆ ಕಟ್ಟಿ, ರಕ್ತ ನಿಲ್ಲುವಷ್ಟು ಬಿಗಿ ಬೇಡ. ಕೊಯ್ಯುವುದು, ಹೀರುವುದು, ಮಂತ್ರ, ನಾಟಿ ಸೊಪ್ಪು ಯಾವುದೂ ಬೇಡ. 108ಕ್ಕೆ ಫೋನ್, ಗಾಡಿ ಸಿದ್ಧವಿದ್ದರೆ ಕಾಯದೆ ಹೊರಡಿ. ಶಿಬಿರಕ್ಕೆ ಒಂದು ವಾರ ಮೊದಲೇ ತಾಲೂಕು ಆಸ್ಪತ್ರೆಗೆ ಹೋಗಿ ಹಾವಿನ ಪ್ರತಿವಿಷ ಈಗ ಇದೆಯೇ ಅಂತ ಕೇಳಿ ಬರೆದುಕೊಳ್ಳಿ. ಆ ರಾತ್ರಿ ಒಂದು ಗಾಡಿ, ಚಾಲಕ ಸಮೇತ, ಶಿಬಿರದಲ್ಲೇ ಇರಬೇಕು.

ಹೈಕ್‌ಗಳಲ್ಲಿ ಬಿಸಿಲಿನ ಬಳಲಿಕೆಗೆ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಚಹಾ ಚಮಚದ ಲೆಕ್ಕ. ಉಪ್ಪು ಹೆಚ್ಚಾದರೆ ಅಪಾಯ, ಅಂದಾಜಿನಿಂದ ಹಾಕಬಾರದು.

ಹೊಳೆಗೆ ಇಳಿಸುವುದು ಬೇಡವೇ ಬೇಡ. ಕೃಷ್ಣೆಯಲ್ಲಿ ಮೊಸಳೆ ಇವೆ, ಘಟಪ್ರಭೆ, ಮಲಪ್ರಭೆಯಲ್ಲೂ ಕಾಣಿಸುತ್ತವೆ. ಹಿಡಕಲ್, ನವಿಲುತೀರ್ಥ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಕೆಳಗೆ ಮಟ್ಟ ಏರುವುದು ದಂಡೆಯಲ್ಲಿ ನಿಂತ ಮಕ್ಕಳಿಗೆ ತಿಳಿಯುವುದಿಲ್ಲ.

ಗುಮ್ಮಟನಗರಿ

ಎಲ್ಲರೂ ಕಾಪಾಡುವ ಮಾತು ಹೇಳಿದ್ದಾರೆ. ನಾನು ಮಕ್ಕಳು ಬಯಲಲ್ಲಿ ಏನು ನೋಡಬೇಕು, ಏನು ಅಳೆಯಬೇಕು ಅನ್ನುವುದನ್ನು ಹೇಳುತ್ತೇನೆ. ಕಣ್ಣಿಗೆ ಕೆಲಸ ಕೊಟ್ಟರೇ ಬಯಲು ಇಷ್ಟವಾಗುತ್ತದೆ.

ಎತ್ತರ ಅಳೆಯುವುದರಿಂದ ಶುರು ಮಾಡಿ. ಊರ ನೀರಿನ ಟ್ಯಾಂಕ್ ತೆಗೆದುಕೊಳ್ಳಿ. ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಒಂದೂವರೆ ಮೀಟರ್ ಕೋಲು ನೆಟ್ಟಗೆ ಹಿಡಿದು ನೆರಳು ಅಳೆಯಿರಿ. ಅದು 2.25 ಮೀಟರ್ ಬಂತು ಅಂದರೆ ನೆರಳು ಎತ್ತರದ ಒಂದೂವರೆ ಪಟ್ಟು. ಈಗ ಟ್ಯಾಂಕಿನ ತುದಿಯ ನೆರಳು ಎಲ್ಲಿ ಬಿದ್ದಿದೆ ನೋಡಿ. ಮಕ್ಕಳು ಹೊರಗಿನ ಕಂಬದ ಬುಡದಿಂದ ಅಳೆದು 23 ಮೀಟರ್ ಅಂತಾರೆ, ಎತ್ತರ 15.3 ಬರುತ್ತದೆ. ಅದು ತಪ್ಪು. ಟ್ಯಾಂಕಿನ ತುದಿ ಇರುವುದು ನಟ್ಟನಡುವೆ. ನಡುವಿನಿಂದ ಕಂಬಕ್ಕೆ ನಾಲ್ಕು ಮೀಟರ್ ಇದ್ದರೆ ಅದನ್ನೂ ಕೂಡಿಸಬೇಕು: 27 ಮೀಟರ್, ಅಂದರೆ ಎತ್ತರ 18. ಗೋಳಗುಮ್ಮಟಕ್ಕೆ ಕರೆದುಕೊಂಡು ಬಂದರೆ ಇದೇ ತಪ್ಪು ಇನ್ನೂ ದೊಡ್ಡದಾಗುತ್ತದೆ, ಕಟ್ಟಡದ ಅರ್ಧ ಅಗಲವೇ ಬಿಟ್ಟುಹೋಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಈ ಆಟ ನಡೆಯುವುದಿಲ್ಲ. ಮೇ ಮೊದಲ ವಾರದ ಆಸುಪಾಸಿನಲ್ಲಂತೂ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿಗೆ ನೆರಳೇ ಇರದ ದಿನ ಬರುತ್ತದೆ. ಅದನ್ನು ಶಾಲೆಯ ಅಂಗಳದಲ್ಲೇ ತೋರಿಸಿ.

ರಾತ್ರಿಗೆ ಧ್ರುವ ನಕ್ಷತ್ರ. ಧ್ರುವ ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಅದೇ ಆ ಊರಿನ ಅಕ್ಷಾಂಶ. ನಮ್ಮಲ್ಲಿ ಸುಮಾರು 16 ಡಿಗ್ರಿ. ಚಾಚಿದ ತೋಳಿನ ತುದಿಯ ಮುಷ್ಟಿ 10 ಡಿಗ್ರಿ, ಮೂರು ಬೆರಳು 5 ಡಿಗ್ರಿ. ಅಂದರೆ ದಿಗಂತದ ಮೇಲೆ ಒಂದು ಮುಷ್ಟಿ, ಅದರ ಮೇಲೆ ಮೂರು ಬೆರಳು ಇಟ್ಟರೆ ಅದಕ್ಕೆ ಹತ್ತಿಯೇ ಧ್ರುವ. ಇಷ್ಟು ಕೆಳಗಿರುವುದರಿಂದ ಬಡಗಣ ದಿಕ್ಕಿನಲ್ಲಿ ಮರ, ಗುಡ್ಡ ಇದ್ದರೆ ಕಾಣುವುದೇ ಇಲ್ಲ. ಜಾಗ ಆರಿಸುವಾಗ ಉತ್ತರ ತೆರೆದಿದೆಯೇ ನೋಡಿ. ಡಿಸೆಂಬರ್ ಸಂಜೆ ಸಪ್ತರ್ಷಿಗಳನ್ನು ಹುಡುಕಿ ಮಕ್ಕಳು ಸೋಲುತ್ತಾರೆ, ಅವು ಆಗ ದಿಗಂತದ ಕೆಳಗಿರುತ್ತವೆ. ಸಂಜೆ ಇಂಗ್ಲಿಷಿನ ಎಂ ಅಕ್ಷರದಂತಿರುವ ಶರ್ಮಿಷ್ಠೆಯಿಂದ ಧ್ರುವವನ್ನು ಗುರುತಿಸಬೇಕು.

ಗುರುತಿಸಿದ ಮೇಲೆ ಮಾಡಬೇಕಾದ ಕೆಲಸ ಒಂದಿದೆ, ಇದನ್ನು ಬಿಡಬೇಡಿ. ರಾತ್ರಿ 8ಕ್ಕೆ ಒಂದು ಮೊಳದ ಗಿಡ್ಡ ಕೋಲು ನೆಡಿ. ಅದರ ಉತ್ತರಕ್ಕೆ ಐದಾರು ಅಡಿ ದೂರದಲ್ಲಿ ಉದ್ದ ಕೋಲು ನೆಡಿ. ಮಗು ಬೋರಲು ಮಲಗಿ ಗಿಡ್ಡ ಕೋಲಿನ ತುದಿಗೆ ಕಣ್ಣಿಟ್ಟರೆ, ಉದ್ದ ಕೋಲಿನ ತುದಿ ಸರಿಯಾಗಿ ಧ್ರುವಕ್ಕೆ ತಾಗುವಂತೆ ಇನ್ನೊಬ್ಬರು ಹೊಂದಿಸಬೇಕು. ಇನ್ನೊಂದು ಜೋಡಿ ಕೋಲನ್ನು ಪೂರ್ವದ ಕೃತ್ತಿಕೆಗೋ ರೋಹಿಣಿಗೋ ಹೊಂದಿಸಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿಸಿದರೆ ರೋಹಿಣಿ ಕೋಲು ಬಿಟ್ಟು ಮೇಲೇರಿರುತ್ತದೆ, ಧ್ರುವ ಅಲ್ಲೇ ಇರುತ್ತದೆ. ಬೆಳಗಿನ 5ಕ್ಕೆ ಎಬ್ಬಿಸಿ ನೋಡಿಸಿ. ಶರ್ಮಿಷ್ಠೆ ಮುಳುಗಿದೆ, ಸಪ್ತರ್ಷಿಗಳು ಬಡಗಣದಲ್ಲಿ ಮೇಲೇರಿವೆ, ಬಾಲವಿಲ್ಲದ ಕಡೆಯ ತುದಿಯ ಎರಡು ನಕ್ಷತ್ರಗಳ ಗೆರೆಯನ್ನು ಐದು ಪಟ್ಟು ಎಳೆದರೆ ಹೆಚ್ಚುಕಡಿಮೆ ಅದೇ ಕೋಲಿನ ತುದಿಯಲ್ಲಿ ಅದೇ ಧ್ರುವ. ಭೂಮಿ ತಿರುಗುತ್ತದೆ ಅನ್ನುವುದನ್ನು ಪುಸ್ತಕದಲ್ಲಿ ಓದಿದ ಮಗು ಅದನ್ನು ತನ್ನ ಕೋಲಿನಿಂದ ಕಾಣುತ್ತದೆ. ಅಮಾವಾಸ್ಯೆಯ ಆಸುಪಾಸಿನ ದಿನ ಇಟ್ಟುಕೊಂಡರೆ ಆಕಾಶ ತುಂಬಿರುತ್ತದೆ.

ಎರಿಹೊಲ

ಗುಮ್ಮಟನಗರಿ ಸರ್, ಅಮಾಸಿ ಅಂದಿರಿ, ಡಿಸೆಂಬರ್-ಜನವರಿಯೊಳಗ ಬರೂದು ಎಳ್ಳಮಾಸಿ. ಅವತ್ತ ಎಲ್ಲಾರ ಮನಿಯವರೂ ಚರಗ ಚೆಲ್ಲಲಿಕ್ಕ ಹೊಲಕ್ಕ ಹೋಗ್ತಾರ, ಶಿಬಿರ ಇಡಬ್ಯಾಡ್ರಿ. ಅದರ ಬದಲಿ ಅವತ್ತ ಮಕ್ಕಳಿಗೆ ಕೆಲಸ ಹಚ್ಚರಿ: ತಮ್ಮ ಹೊಲದ ಒಡ್ಡಿನ ಮ್ಯಾಲಿನ ಹತ್ತು ಗಿಡದ ಹೆಸರು ಅಜ್ಜನ ಬಾಯಿಂದ ಕೇಳಿ ಬರಕೊಂಡು ಬರಬೇಕು, ಒಂದೊಂದು ಎಲಿ ಸಹಿತ. ಬನ್ನಿ, ಬಾರಿ, ಕಕ್ಕಿ, ಮುತ್ತಲ, ಹೊಂಗಿ ಅಂತ. ಶಿಬಿರ ನಾಲ್ಕ ದಿನ ಮೊದಲ ಇಲ್ಲಾ ನಂತರ ಇರಲಿ, ಚಂದ್ರ ಸಣ್ಣಾವನ ಇರತಾನ.

ಹೊಲಕ್ಕ ಹೋಗೂವಾಗ ಕುಸುಬಿ ನಡುವ ಹಾಯಿಸಬ್ಯಾಡ್ರಿ, ಎಲಿ ಮುಳ್ಳು. ಜ್ವಾಳ ಕೊಯ್ದ ಕೂಳಿ ಚಪ್ಪಲಿ ತೂರಿ ಬರತದ. ಒಡ್ಡಿನ ಮ್ಯಾಲಿಂದನ ಸಾಲು ಹೋಗಲಿ. ಕಡ್ಲಿ ಹೊಲದಾಗ ಸುಲಗಾಯಿ ಕಿತ್ತು ತಿನ್ನೂದಿದ್ರ ಮಾಲಕರನ್ನ ಕೇಳಿ ತಿನಬೇಕು. ಕೇಳಿದ್ರ ಯಾರೂ ಇಲ್ಲ ಅನ್ನೂದಿಲ್ಲ.

ಬೀಳಗಿ ಟೀಚರ್

ಎಲ್ಲವನ್ನೂ ಬರೆದಿಟ್ಟುಕೊಂಡೆ. ಪೆಟ್ರೋಲ್‌ಗಳಿಗೆ ಹಕ್ಕಿ ಹೆಸರು ಆರಿಸಲು ಈ ಶನಿವಾರವೇ ಮಕ್ಕಳನ್ನು ಕೆರೆಯ ಕಡೆ ಒಯ್ಯುತ್ತೇನೆ. ಕೊನೆಯ ಪ್ರಶ್ನೆ: ನಾಲ್ಕು ತಾಡಪತ್ರಿಗೆ ಒಟ್ಟು ಎಷ್ಟು ಗೂಟ, ಎಷ್ಟು ಹಗ್ಗ ತರಬೇಕು? ಹೊರಡುವಾಗ ಜಾಗ ಹೇಗೆ ಬಿಡಬೇಕು?

ಹಗ್ಗ ಕಣ್ಣಿ ಮಿಣಿ

ಒಂದು ತಾಡಪತ್ರಿಗೆ ನಡುವಿನ ಹಗ್ಗ ಹತ್ತು ಮೀಟರ್, 10 ಮಿಲಿಮೀಟರ್ ದಪ್ಪದ್ದು. ಮರಕ್ಕೆ ಸುತ್ತಲು ಎರಡೂ ಕಡೆ ಒಂದೊಂದು ಮೀಟರ್ ಬೇಕಾಗುತ್ತದೆ. ಅಂಚಿಗೆ ಒಂದು ಕಡೆ ಮೂರರಂತೆ ಆರು ಗೂಟ, ಆರು ತುಂಡು ಹಗ್ಗ, ತಲಾ ಒಂದೂವರೆ ಮೀಟರ್. ನಾಲ್ಕಕ್ಕೆ 24 ಗೂಟ, ಮುರಿಯುವ ಲೆಕ್ಕಕ್ಕೆ ನಾಲ್ಕು ಹೆಚ್ಚು. ಎರಡನೇ ಮರ ಸಿಗದ ಕಡೆ ಗಳ ನಿಲ್ಲಿಸಬೇಕಾದರೆ ಗಳಕ್ಕೆ ಎರಡರಂತೆ ಗೂಟ, ಮೂರು ಮೀಟರಿನ ಎರಡು ಹಗ್ಗ ಸೇರಿಸಿ. ನೂಲಿನ ಹಗ್ಗವಾದರೆ ರಾತ್ರಿ ಮಲಗುವಾಗ ಸ್ವಲ್ಪ ಸಡಿಲಿಸಿ, ಇಬ್ಬನಿಗೆ ನೆನೆದು ಕುಗ್ಗಿ ಗೂಟ ಕೀಳುತ್ತದೆ. ನೈಲಾನ್ ಆದರೆ ನೆನೆದು ಹಿಗ್ಗುತ್ತದೆ, ಮಲಗುವಾಗ ಇನ್ನೊಮ್ಮೆ ಬಿಗಿಯಿರಿ.

ಒಲೆಮುಂದೆ

ಒಲೆಗೆ ನೀರು ಸುರಿದು, ಕೋಲಿನಿಂದ ಕಲಸಿ, ಮತ್ತೆ ನೀರು ಸುರಿಯಬೇಕು. ಕುಳ್ಳಿನ ಬೂದಿ ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಉಳಿಯುತ್ತದೆ. ಅಂಗೈಯಲ್ಲಿ ಅಲ್ಲ, ಕೈಯ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದು ನೋಡಿಸಿ, ಸಣ್ಣ ಕಾವೂ ಅಲ್ಲಿ ತಿಳಿಯುತ್ತದೆ. ತಣ್ಣಗಾದ ಬೂದಿಯನ್ನು ರೈತರನ್ನು ಕೇಳಿ ಹೊಲಕ್ಕೇ ಚೆಲ್ಲಿ. ಗೂಟದ ತೂತು ಮುಚ್ಚಿ ತುಳಿಯಿರಿ, ಎತ್ತಿನ ಕಾಲು ಸಿಗಬಾರದು. ಆಮೇಲೆ ಮಕ್ಕಳನ್ನು ಕೈ ಚಾಚಿದಷ್ಟು ಅಂತರದಲ್ಲಿ ಒಂದೇ ಸಾಲಿಗೆ ನಿಲ್ಲಿಸಿ, ಈ ಒಡ್ಡಿನಿಂದ ಆ ಒಡ್ಡಿನವರೆಗೆ ನೆಲ ನೋಡುತ್ತ ನಡೆಸಿ, ಸಿಕ್ಕ ಚಾಕಲೇಟ್ ಕಾಗದ, ಹುರಿಯ ತುಂಡು ಎಲ್ಲ ಒಂದು ಚೀಲಕ್ಕೆ. ಆ ಚೀಲ ಶಾಲೆಗೆ ವಾಪಸ್ ಬರಲಿ, ಹೊಲದ ಬದುವಿನಲ್ಲಿ ಹೂಳಬೇಡಿ.